ಗಾಳಿ ಹೋಗುವ ದಾರಿ

ನೀರು ತಪ್ಪಿಸಿಕೊಂಡು ಹೋಗುವ ಬಗೆಗಳಿಗೆ ನಮ್ಮ ನುಡಿಯಲ್ಲಿ ಎಷ್ಟೊಂದು ಮಾತುಗಳು! ಮಾಳಿಗೆ ಸೋರುತ್ತದೆ, ಗೋಡೆ ಒಸರುತ್ತದೆ, ಬಂಡೆಯ ಸಂದಿಯಲ್ಲಿ ನೀರು ಜಿನುಗುತ್ತದೆ, ನಲ್ಲಿ ತೊಟ್ಟಿಕ್ಕುತ್ತದೆ. ಗಾಳಿಗೆ ಈ ಭಾಗ್ಯವಿಲ್ಲ. ಟೈರಿನ ಗಾಳಿ ‘ಹೋಯಿತು’ ಎನ್ನುತ್ತೇವೆ, ಅಷ್ಟೆ. ಎಲ್ಲಿಂದ ಹೋಯಿತು, ಹೇಗೆ ಹೋಯಿತು ಎಂಬುದೊಂದೂ ಆ ಮಾತಿನಲ್ಲಿಲ್ಲ. ಕಣ್ಣಿಗೆ ಕಾಣದ್ದಕ್ಕೆ ಮಾತು ಹುಟ್ಟುವುದು ನಿಧಾನವೇನೋ. ಇಪ್ಪತ್ತು ವರ್ಷಗಳಿಂದ ಕನ್ನಡ ಪಾಠ ಹೇಳುತ್ತಿರುವ ನನಗೆ ಈ ಕೊರತೆ ಹೊಳೆದದ್ದು ನಿಘಂಟಿನಿಂದಲ್ಲ. ನನ್ನ ಹಳೆಯ ಕಾರಿನಿಂದ.

ಅದು ಹದಿನಾಲ್ಕು ವರ್ಷದ ಡೀಸೆಲ್ ಕಾರು. ಎಂಜಿನ್ನಿಗೆ ಟರ್ಬೊ ಉಂಟು. ಟರ್ಬೊ ಎಂದರೆ ಮತ್ತೇನೂ ಅಲ್ಲ, ಕುಲುಮೆಯ ತಿದಿ. ತಿದಿ ಒತ್ತಿದರೆ ಕೆಂಡಕ್ಕೆ ಗಾಳಿ ಹೆಚ್ಚುತ್ತದೆ, ಕೆಂಡ ಉರಿಯುತ್ತದೆ. ಕಮ್ಮಾರನ ತಿದಿಗೆ ಆಳು ಬೇಕು. ಈ ತಿದಿಯನ್ನು ಎಂಜಿನ್ನು ಬಿಟ್ಟ ಹೊಗೆಯೇ ಒತ್ತುತ್ತದೆ. ಹೊರಕ್ಕೆ ನುಗ್ಗುವ ಬಿಸಿ ಹೊಗೆ ಪುಟ್ಟ ಚಕ್ರವೊಂದನ್ನು ನಿಮಿಷಕ್ಕೆ ಲಕ್ಷ ಸುತ್ತಿಗೂ ಮೇಲೆ ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನೆಳೆದು ಒತ್ತುತ್ತದೆ. ಒತ್ತಿದ ಗಾಳಿ ಕಾಯುವುದರಿಂದ ಅದು ಇಂಟರ್‌ಕೂಲರ್ ಎಂಬ ಜಾಲರಿಯಲ್ಲಿ ತಣಿದು, ದಪ್ಪ ರಬ್ಬರ್ ಕೊಳವೆಗಳಲ್ಲಿ ಹಾದು ಎಂಜಿನ್ನಿಗೆ ಸೇರುತ್ತದೆ. ಸುಟ್ಟ ಎಣ್ಣೆಯ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಹೊಗೆಯೊಡನೆ ಪೋಲಾಗುತ್ತದೆ. ಅದರಲ್ಲಿ ಸ್ವಲ್ಪವನ್ನಾದರೂ ದುಡಿಸಿಕೊಳ್ಳುವ ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಎಂಜಿನಿಯರು 1905ರಲ್ಲಿ ಪೇಟೆಂಟು ಪಡೆದರು. ಮೊದಲು ಹಡಗು, ರೈಲುಗಳ ದೊಡ್ಡ ಎಂಜಿನ್ನುಗಳಲ್ಲಿ ನೆಲೆಯಾದ ಅದು ಮಾರಾಟದ ಡೀಸೆಲ್ ಕಾರಿನೊಳಗೆ ಬರಲು 1978 ಆಗಬೇಕಾಯಿತು.

ನಾನಿರುವುದು ಕನಕಪುರ ತಾಲ್ಲೂಕಿನ ಕಬ್ಬಾಳಿನಲ್ಲಿ. ಬೆಟ್ಟದ ಬುಡದಲ್ಲಿ ಕಬ್ಬಾಳಮ್ಮನ ಗುಡಿ, ಮೇಲೆ ಹಳೆಯ ದುರ್ಗ. ಪಟ್ಟದಿಂದಿಳಿಸಿದ ಚಾಮರಾಜ ಒಡೆಯರನ್ನು 1734ರಲ್ಲಿ ತಂದು ಸೆರೆಯಿಟ್ಟದ್ದು ಈ ದುರ್ಗದಲ್ಲೆ. ಅವರು ಮತ್ತೆ ಮೈಸೂರನ್ನು ಕಾಣಲಿಲ್ಲ. ಅರಸನನ್ನು ಸೆರೆಯಿಡುವುದು ಅಷ್ಟು ಸುಲಭ. ಗಾಳಿಯನ್ನು ಸೆರೆಯಿಡುವುದು ಎಷ್ಟು ಕಷ್ಟವೆಂದು ನನಗೆ ತಿಳಿದದ್ದು ಈಚೆಗೆ.

ಕಾರು ದಿಣ್ಣೆಯಲ್ಲಿ ಸೋಲತೊಡಗಿತು. ಸಮತಟ್ಟಿನಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಏರು ಬಂದು ಕಾಲೊತ್ತಿದರೆ ‘ಸುಯ್’ ಎಂದೊಂದು ನಿಟ್ಟುಸಿರು, ಹಿಂದೆ ಕಪ್ಪು ಹೊಗೆ, ಮುಂದಕ್ಕೆ ಮಾತ್ರ ಚಲನೆಯಿಲ್ಲ. ಎಣ್ಣೆಯ ಖರ್ಚೂ ಏರಿತು. ಗೂಳಿಯಂತೆ ಬರುವ ಎದುರು ಲಾರಿಯನ್ನು ಕಂಡು, ಹಿಂದಿಕ್ಕಲು ಹೊರಟ ಟ್ರ್ಯಾಕ್ಟರಿನ ಪಕ್ಕದಲ್ಲೇ ಶಕ್ತಿಗುಂದಿದ ದಿನ ಎದೆ ಝಲ್ಲೆಂದಿತು. ಹಿಂದಿನ ಸೀಟಿನಲ್ಲಿ ನನ್ನ ತಾಯಿ ಇದ್ದರು. ಉಬ್ಬಸದ ಕಾಯಿಲೆಗಾಗಿ ಅವರನ್ನು ತಿಂಗಳಿಗೆ ಎರಡು ಸಲ ಆಸ್ಪತ್ರೆಗೆ ಕರೆದೊಯ್ಯಬೇಕು. ಬಸ್ಸಿನ ನೂಕುನುಗ್ಗಲು ಅವರಿಗಾಗದು. “ನಿನ್ ಕಾರ್ಗೂ ನನ್ನಂಗೆ ಉಬ್ಸ ಬಂದದೆ ಕಣಪ್ಪ” ಎಂದರು. ಅವರ ರೋಗನಿರ್ಣಯವೇ ಕೊನೆಗೆ ಸತ್ಯವಾಯಿತು.

ಪೇಟೆಯ ಗ್ಯಾರೇಜೊಂದಕ್ಕೆ ಒಯ್ದೆ. ಎಂಜಿನ್ನು ಚಾಲೂ ಮಾಡಿಸಿ, ಕಿವಿಗೊಟ್ಟು ಕೇಳಿ, ಸೋರಿಕೆ ಎಲ್ಲೂ ಇಲ್ಲ, ಟರ್ಬೊವೇ ಹೋಗಿದೆ, ಹೊಸದು ಹಾಕಬೇಕೆಂದರು. ಅವರು ಹೇಳಿದ ಮೊತ್ತವನ್ನು ಇಲ್ಲಿ ಬರೆಯುವುದಿಲ್ಲ. ಕಾರನ್ನು ಮಾರಿದರೆ ಅದರಲ್ಲಿ ಅರ್ಧ ಬಂದೀತು. ಯೋಚಿಸಿ ಹೇಳುತ್ತೇನೆಂದು ಊರಿಗೆ ಹಿಂದಿರುಗಿದೆ.

ನಮ್ಮ ಬೀದಿಯ ಕೊನೆಯಲ್ಲಿ ಒಂದು ಪಂಕ್ಚರ್ ಅಂಗಡಿ ಇದೆ. ಅಂಗಡಿಯವನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ನನ್ನ ಕಥೆಯನ್ನೆಲ್ಲ ಕೇಳಿ, ಕೈಯಲ್ಲಿದ್ದ ಟ್ಯೂಬನ್ನು ಕೆಳಗಿಟ್ಟು, “ಗಾಳಿ ಹೊಡೀದೆ ಟ್ಯೂಬ್ನ ನೀರಿಗೆ ಹಾಕಿದ್ರೆ ಗುಳ್ಳೆ ಬತ್ತದಾ ಮೇಷ್ಟ್ರೇ?” ಎಂದ.

ಇಡೀ ಸಮಸ್ಯೆ ಆ ಒಂದು ಪ್ರಶ್ನೆಯಲ್ಲಿತ್ತು. ನಿಂತ ಕಾರಿನ ಎಂಜಿನ್ನು ಸುಮ್ಮನೆ ತಿರುಗುವಾಗ ಟರ್ಬೊ ಗಾಳಿಯನ್ನು ಒತ್ತುವುದೇ ಇಲ್ಲವೆನ್ನಬಹುದು. ಒತ್ತಡವಿಲ್ಲದಾಗ ಸೀಳು ತುಟಿ ಮುಚ್ಚಿಕೊಂಡಿರುತ್ತದೆ. ಹೊರೆ ಬಿದ್ದು, ಒಳಗೆ ಗಾಳಿ ಬಿಗಿದಾಗ ಬಾಯಿ ತೆರೆಯುತ್ತದೆ. ಅಷ್ಟು ಹೊತ್ತಿಗೆ ಕಾರು ದಿಣ್ಣೆಯ ಮೇಲಿರುತ್ತದೆ. ಮೂಗು ತೂರಿಸಿ ನೋಡಲು ಅಲ್ಲಿ ಯಾರಿರುತ್ತಾರೆ? ಎಂಜಿನ್ನಿಗೆಂದು ಅಳೆದ ಗಾಳಿ ನಡುದಾರಿಯಲ್ಲಿ ಹೋದರೆ, ಆ ಗಾಳಿಗೆ ತಕ್ಕಂತೆ ಸುರಿದ ಎಣ್ಣೆ ಪೂರ್ತಿ ಉರಿಯದೆ ಕಪ್ಪು ಹೊಗೆಯಾಗುತ್ತದೆ. ಆದ್ದರಿಂದ ನಿಂತಲ್ಲೇ ಕಾರಿಗೆ ದಿಣ್ಣೆಯನ್ನು ಒದಗಿಸಬೇಕು.

ಭಾನುವಾರ ಬೆಳಿಗ್ಗೆ, ಎಂಜಿನ್ನು ಪೂರ್ತಿ ತಣ್ಣಗಿರುವಾಗ, ಮನೆಯಂಗಳದಲ್ಲಿ ಕೆಲಸ ಹಿಡಿದೆವು. ಟರ್ಬೊವಿನ ಬಾಯಿಗೆ ಗಾಳಿ ತರುವ ಕೊಳವೆಯನ್ನು ಫಿಲ್ಟರಿನ ಕಡೆ ಬಿಚ್ಚಿ, ಅದರೊಳಕ್ಕೆ ಬಿಗಿಯಾಗಿ ಕೂರುವ ಪಿವಿಸಿ ಪೈಪಿನ ಮುಚ್ಚಳವೊಂದನ್ನು ಸೇರಿಸಿ ಕ್ಲಿಪ್ಪು ಬಿಗಿದೆವು. ಮುಚ್ಚಳಕ್ಕೆ ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವು ಕೂರಿಸುವುದು ಅಂಗಡಿಯವನಿಗೆ ನೀರು ಕುಡಿದಷ್ಟು ಸುಲಭ. ಆ ಕೊಳವೆಗೇ ಬಂದು ಸೇರುವ ಎಂಜಿನ್ನಿನ ಉಸಿರುಕೊಳವೆಯನ್ನು ಬಿಚ್ಚಿ, ಟರ್ಬೊ ಕೊಳವೆಯ ಕಡೆಯ ಬಾಯಿಗೆ ಮಾತ್ರ ಬಿರಡೆ ಹಾಕಿದೆವು. ಇಲ್ಲವಾದರೆ ಗಾಳಿ ಆಯಿಲಿನ ಕೋಣೆಗೆ ನುಗ್ಗಿ ಸೀಲುಗಳನ್ನು ಕೆಡಿಸೀತು. ಆಮೇಲೆ ಮುಳ್ಳಿರುವ ಕಾಲುಪಂಪಿನಿಂದ ಮೆಲ್ಲಗೆ ಗಾಳಿ ತುಂಬಿದೆವು. ಹತ್ತು ಪೌಂಡು ಧಾರಾಳವಾಯಿತು. ಅದನ್ನು ಮೀರಬಾರದು, ಮುಚ್ಚಳದ ಎದುರಿಗಂತೂ ಯಾರೂ ನಿಲ್ಲಬಾರದು. ಸಿಡಿದರೆ ಅದು ಕಲ್ಲಿನಂತೆ ಬಡಿಯುತ್ತದೆ.

ಮುಳ್ಳು ಇಳಿಯತೊಡಗಿತು. ಸ್ವಲ್ಪ ಇಳಿಯುವುದು ಸಹಜವೇ. ಒಳಗೆ ತೆರೆದ ವಾಲ್ವುಗಳ ಮೂಲಕ, ಪಿಸ್ಟನ್ ಉಂಗುರಗಳ ಸಂದಿಯಿಂದ ಒಂದಷ್ಟು ಗಾಳಿ ಹೋಗಿಯೇ ತೀರುತ್ತದೆ. ನಮ್ಮದು ಅದಕ್ಕಿಂತ ಬೇಗ ಇಳಿಯಿತು. ಬಟ್ಟೆ ಸೋಪನ್ನು ನೀರಿನಲ್ಲಿ ಕದಡಿ, ಸುಣ್ಣ ಬಳಿಯುವ ಹಳೆಯ ಕುಂಚದಿಂದ ಒಂದೊಂದೇ ಸಂದಿಗೆ ಹಚ್ಚಿದೆವು. ಇಂಟರ್‌ಕೂಲರಿನ ಬಾಯಲ್ಲಿ, ಸಡಿಲವಾದ ಕ್ಲಿಪ್ಪಿನ ಸುತ್ತ, ಸಾಬೂನು ನೊರೆಗಟ್ಟಿತು. ಕ್ಲಿಪ್ಪು ಬಿಗಿದ ಮೇಲೆ ನೊರೆ ನಿಂತಿತು, ಮುಳ್ಳು ನಿಲ್ಲಲಿಲ್ಲ. ಒಂದು ಕಳ್ಳ ಸಿಕ್ಕಿದೊಡನೆ ಬಾಗಿಲು ಹಾಕಿ ಮಲಗಿದರೆ ಇನ್ನೊಬ್ಬ ಅಟ್ಟದ ಮೇಲೆಯೇ ಉಳಿಯುತ್ತಾನೆ.

“ಮ್ಯಾಲೆಲ್ಲ ಹುಡುಕಬ್ಯಾಡಿ ಮೇಷ್ಟ್ರೇ, ಎಣ್ಣೆ ಪಸೆ ಎಲ್ಲದೆ ನೋಡಿ” ಎಂದ. ಟರ್ಬೊದಿಂದ ಬರುವ ಗಾಳಿಯಲ್ಲಿ ಆಯಿಲಿನ ಸೂಕ್ಷ್ಮ ತುಂತುರು ಇರುವುದರಿಂದ, ಸೀಳಿನ ಬಳಿ ಎಣ್ಣೆ ಹತ್ತಿ ಧೂಳು ಕೂರುತ್ತದೆ. ಎಂಜಿನ್ನಿಗೆ ಹೋಗುವ ಕೊಳವೆಯ ಅಡಿಯಲ್ಲಿ, ಕಣ್ಣಿಗೆ ಕಾಣದ ಕಡೆ, ಕೈಗೆ ಜಿಡ್ಡು ಹತ್ತಿತು. ಕುಂಚವನ್ನು ಅಡಿಯಿಂದ ತೂರಿಸಿ, ಕೈಗನ್ನಡಿ ಹಿಡಿದು ನೋಡಿದರೆ, ಅಲ್ಲೊಂದು ಗುಳ್ಳೆ ನಿಂಬೆಹಣ್ಣಿನಷ್ಟಾಗಿ ಊದಿ ಒಡೆಯಿತು, ಮತ್ತೊಂದು ಹುಟ್ಟಿತು. ಕಬ್ಬಿಣದ ಪಟ್ಟಿಯೊಂದಕ್ಕೆ ವರ್ಷಗಟ್ಟಲೆ ಉಜ್ಜಿ ಉಜ್ಜಿ ಅರ್ಧ ಇಂಚಿನ ಸೀಳು. ಗಾಳಿ ಇಳಿಸಿದೊಡನೆ ಅದು ಗೀರಿನಷ್ಟೂ ಕಾಣಲಿಲ್ಲ.

ಹೊಸ ಕೊಳವೆಗೆ ಎರಡು ಸಾವಿರವೂ ಆಗಲಿಲ್ಲ. ಉಜ್ಜುವ ಪಟ್ಟಿಗೆ ರಬ್ಬರು ಸುತ್ತಿದೆವು. ಮುಂದಿನ ಸಲ ತಾಯಿಯವರನ್ನು ಕರೆದೊಯ್ದಾಗ ಕಾರು ದಿಣ್ಣೆಯನ್ನು ಸದ್ದಿಲ್ಲದೆ ಹತ್ತಿತು. “ಇದ್ಕೆ ವಾಸಿಯಾತು” ಎಂದರು ಅವರು. ಆ ಮಾತಿನಲ್ಲಿ ಸಂತೋಷವೆಷ್ಟು, ಅಸೂಯೆಯೆಷ್ಟು ಎಂದು ನಾನು ಬಗೆದು ನೋಡಲಿಲ್ಲ. ಅವರ ಉಸಿರಿನ ದಾರಿಗೆ ಅಂಥ ಕೊಳವೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಆಸ್ಪತ್ರೆಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸುವುದಷ್ಟೆ ನನ್ನ ಕೈಯಲ್ಲಿರುವುದು. ಅದಾದರೂ ಈಗ ನಿಶ್ಚಿಂತೆಯಿಂದ ಆಗುತ್ತಿದೆ.

ಈಗ ತರಗತಿಯಲ್ಲಿ ‘ಅರ್ಥವಾಯಿತೇ?’ ಎಂದು ಕೇಳುವುದನ್ನು ಕಡಿಮೆ ಮಾಡಿದ್ದೇನೆ. ಹೊರೆಯಿಲ್ಲದಾಗ ಎಲ್ಲರೂ ಆಯಿತೆಂದೇ ಹೇಳುತ್ತಾರೆ. ಒಂದು ಪದ್ಯವನ್ನು ಕೊಟ್ಟು ಅನ್ವಯ ಬರೆಯಲು ಹೇಳಿದರೆ ಸೀಳು ಎಲ್ಲಿದೆಯೆಂದು ತಾನೇ ಕಾಣುತ್ತದೆ. ಹಳೆಯ ಕೊಳವೆಯನ್ನು ಪಂಕ್ಚರ್ ಅಂಗಡಿಯವನು ಕೇಳಿ ಇಟ್ಟುಕೊಂಡಿದ್ದಾನೆ. ಮಂಗಳವಾರ, ಶುಕ್ರವಾರ ಅಮ್ಮನ ದರ್ಶನಕ್ಕೆ ಬಂದ ಕಾರಿನವರಿಗೆ ಅದನ್ನು ಬಗ್ಗಿಸಿ, ಸೀಳು ಬಾಯಿ ತೆರೆಯುವುದನ್ನು ತೋರಿಸುತ್ತಾನೆ. ಪಾಠ ಹೇಳುವುದರಲ್ಲಿ ಅವನು ನನಗಿಂತ ಕಡಿಮೆಯೇನಲ್ಲ. ಅವನ ವಿದ್ಯಾರ್ಥಿಗಳು ನಿದ್ದೆ ಮಾಡುವುದನ್ನು ನಾನು ಈವರೆಗೆ ಕಂಡಿಲ್ಲ.