‘ಅರಮನೆ’ಯ ಹೊಸ್ತಿಲಲ್ಲಿ

ಶ್ರೀ ಕುಂ. ವೀರಭದ್ರಪ್ಪನವರ ‘ಅರಮನೆ’ ಕಾದಂಬರಿಯನ್ನು ನಾವು ಮೂರು ಸಲ ಕೈಗೆತ್ತಿಕೊಂಡು ಎರಡು ಸಲ ಕೆಳಗಿಟ್ಟೆವು. ಮೂರನೆಯ ಸಲ, ಕಳೆದ ಶ್ರಾವಣದಲ್ಲಿ, ಪ್ರವಚನ ಮುಗಿದು ಭಕ್ತರು ಮನೆಗೆ ತೆರಳಿದ ಮೇಲೆ ರಾತ್ರಿಗಳಲ್ಲಿ ಕುಳಿತು ಓದಿ ಮುಗಿಸಿದೆವು. ಮುಗಿಸಿದ ದಿನ ಸಂತೋಷವಾಯಿತೋ ಆಯಾಸವಾಯಿತೋ ಹೇಳಲಾರೆವು.

ಧಾರವಾಡದಲ್ಲಿ ಎಂ.ಎ. ಓದುತ್ತಿದ್ದ ಕಾಲದಿಂದಲೂ ಇವರು ನಮ್ಮ ಮೆಚ್ಚಿನ ಲೇಖಕರು. ಗುರು ಕೊಟ್ಟೂರೇಶ್ವರರ ಕ್ಷೇತ್ರವಾದ ಕೊಟ್ಟೂರಿನಲ್ಲಿ 1953ರಲ್ಲಿ ಜನಿಸಿ, ಆಂಧ್ರದ ಹಳ್ಳಿಗಳಲ್ಲಿ ಶಾಲಾಶಿಕ್ಷಕರಾಗಿ ಬಾಳಿದವರು. ಮಠಗಳನ್ನೂ ಜಂಗಮರನ್ನೂ ಅವರು ಬಿಟ್ಟವರಲ್ಲ. ಶಿವಯೋಗಮಂದಿರದಲ್ಲಿ ವಟುವಾಗಿ ಬೆಳೆದ ನಮಗೆ ಆ ಚುಚ್ಚುಮಾತುಗಳು ಮೊದಲು ನೋವನ್ನುಂಟುಮಾಡಿದರೂ, ಅವುಗಳಲ್ಲಿ ಸುಳ್ಳು ಕಡಿಮೆಯೆಂದು ಬಲ್ಲವರು ನಾವೇ. ಗಿರೀಶ ಕಾಸರವಳ್ಳಿಯವರು 2011ರಲ್ಲಿ ಚಿತ್ರವಾಗಿಸಿದ ‘ಕೂರ್ಮಾವತಾರ’ದ ಮೂಲಕಥೆ ಇವರದೇ. ಧಾರಾವಾಹಿಯಲ್ಲಿ ಗಾಂಧೀಜಿಯ ಪಾತ್ರ ವಹಿಸಿದ ಸರಕಾರಿ ನೌಕರನೊಬ್ಬನ ಆ ಕಥೆಯಲ್ಲಿ ಎಲ್ಲವೂ ನಿಚ್ಚಳ.

‘ಅರಮನೆ’ ಹಾಗಲ್ಲ. ಕುದುರೆಡವು ಎಂಬ ಊರು; ಅಲ್ಲೊಂದು ಜೀರ್ಣವಾಗುತ್ತಿರುವ ಪಾಳೆಯಗಾರರ ಅರಮನೆ; ಮೋಬಯ್ಯನೆಂಬವನ ಮೈದುಂಬುವ ಸಾಂಬವಿ ಎಂಬ ದೇವತೆ. ನಿಜಾಮನು ಕುಂಪಣಿ ಸರಕಾರಕ್ಕೆ ಬಿಟ್ಟುಕೊಟ್ಟ ಸೀಮೆಗೆ 1800ರಿಂದ 1807ರವರೆಗೆ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಕೂಡ ಅಲ್ಲಿ ಸಂಚರಿಸುತ್ತಾನೆ. ಇತಿಹಾಸವೆಂದು ಹಿಡಿಯಹೋದರೆ ಕನಸು. ಕನಸೆಂದು ಬಿಟ್ಟರೆ ಇತಿಹಾಸ. ವಾಕ್ಯಗಳಂತೂ ಬಳ್ಳಾರಿ ಸೀಮೆಯ ಆಡುನುಡಿಯಲ್ಲಿ ಜಾತ್ರೆಯ ಜನದಂತೆ ಒಂದನ್ನೊಂದು ನೂಕುತ್ತ ಬರುತ್ತವೆ, ನಿಲ್ಲಲು ತಾವಿಲ್ಲ. ಗ್ರಂಥ ಅರ್ಧದಷ್ಟಾಗಿದ್ದರೆ ಎರಡರಷ್ಟು ಬೆಲೆಬಾಳುತ್ತಿತ್ತೆಂಬುದು ಇಂದಿಗೂ ನಮ್ಮ ಅಭಿಪ್ರಾಯ. ಕೇಂದ್ರ ಸಾಹಿತ್ಯ ಅಕಾಡೆಮಿ 2007ರಲ್ಲಿ ಇದಕ್ಕೆ ಪ್ರಶಸ್ತಿಯಿತ್ತಿತು. ನಮ್ಮ ಜಿಲ್ಲೆಯ ಸಿಂದಗಿ ಸೀಮೆಯವರಾದ ಡಾ. ಎಂ.ಎಂ. ಕಲಬುರ್ಗಿಯವರು 2015ರ ಆಗಸ್ಟ್ 30ರಂದು ಹತ್ಯೆಗೀಡಾದಾಗ, ಅದೇ ಪ್ರಶಸ್ತಿಯನ್ನು ಹಿಂದಿರುಗಿಸುವುದಾಗಿ ಇವರು ಸಾರಿದರು. ಅಂದು ಲೇಖಕರ ಬಗೆಗಿನ ಗೌರವ ಹೆಚ್ಚಿತಾದರೂ ಗ್ರಂಥ ಸುಲಭವಾಗಲಿಲ್ಲ.

ಆದರೂ ಅದು ನಮಗೆ ಪರಕೀಯವೆನಿಸಲಿಲ್ಲ. ನಮ್ಮ ಮುದ್ದೇಬಿಹಾಳ ತಾಲೂಕಿನ ರಕ್ಕಸಗಿ-ತಂಗಡಗಿಗಳ ಹೆಸರನ್ನು ಹೊತ್ತ 1565ರ ಕಾಳಗದಲ್ಲಿ ವಿಜಯನಗರ ಮುರಿದುಬಿದ್ದುದರಿಂದಲೇ ಅಂತಹ ಪಾಳೆಯಗಾರರು ತಲೆಯೆತ್ತಿದರಷ್ಟೆ. ಅದೇ ತಂಗಡಗಿಯಲ್ಲಿ ತಾಯಿ ನೀಲಾಂಬಿಕೆ ಐಕ್ಯಳಾದಳು. ಅರಸರ ಸೋಲು, ಶರಣೆಯ ಐಕ್ಯ, ಎರಡೂ ಒಂದೇ ಊರಿನ ನೆನಪು. ಕೃಷ್ಣೆ ಇವುಗಳಲ್ಲಿ ಭೇದವೆಣಿಸದೆ ಹರಿದಿದ್ದಾಳೆ.

ನಮ್ಮನ್ನು ನಿಜವಾಗಿ ಕಾಡಿದ್ದು ಬೇರೆ. ಶರಣರು ಕ್ಷುದ್ರದೈವಗಳ ಆರಾಧನೆಯನ್ನು ನಿರಾಕರಿಸಿದರು, ಇಷ್ಟಲಿಂಗವೊಂದೇ ಸಾಕೆಂದರು. ಇದನ್ನೇ ನಾವು ಮೂವತ್ತು ವರ್ಷಗಳಿಂದ ಬೋಧಿಸುತ್ತಿದ್ದೇವೆ. ಹೀಗಿರುವಾಗ ಮೈದುಂಬಿದವನ ಮಾತಿಗೆ ಪುಟಗಟ್ಟಲೆ ಎಡೆಕೊಡುವ ಗ್ರಂಥವನ್ನು ಹೇಗೆ ಮೆಚ್ಚುವುದು? ಎರಡನೆಯ ಸಲ ಕೆಳಗಿಟ್ಟುದು ಈ ಕಾರಣಕ್ಕೆ.

ಕೆಲವು ವರ್ಷಗಳ ಹಿಂದಿನ ಮಾತು. ಅಮಾವಾಸ್ಯೆಯ ದಿನ ಹೊಳೆಸಾಲಿನ ಒಕ್ಕಲಿಗನೊಬ್ಬ ಸೊಸೆಯನ್ನು ಕರೆತಂದು, “ಅಜ್ಜಾರ, ಈಕಿ ಮೈಯಾಗ ದ್ಯಾಮವ್ವ ಬರ್ತಾಳ್ರಿ, ಏನರೆ ಮಾಡ್ರಿ” ಎಂದು ಅಡ್ಡಬಿದ್ದ. ದ್ಯಾಮವ್ವ ಬರುವುದಿಲ್ಲ, ಇದು ಮನಸ್ಸಿನ ಬೇನೆ, ವಿಜಯಪುರಕ್ಕೆ ವೈದ್ಯರಲ್ಲಿಗೆ ಕರೆದೊಯ್ಯಿ ಎಂದು ತಿಳಿಹೇಳಿ, ವಿಭೂತಿ ಕೊಟ್ಟು ಕಳುಹಿದೆವು. ಹೇಳಿದ್ದು ತಪ್ಪಲ್ಲ, ಇಂದು ಬಂದರೂ ವೈದ್ಯರಲ್ಲಿಗೇ ಕಳುಹುವೆವು. ಆದರೆ ಆ ತಾಯಿಯನ್ನು ನಾವು ಒಂದು ಮಾತೂ ಕೇಳಲಿಲ್ಲ. ಅವಳು ಹೊಸ್ತಿಲಲ್ಲಿ ತುಸು ಹೊತ್ತು ನಿಂತು ಹೋದಳು. ಆಲಮಟ್ಟಿಯ ಹಿನ್ನೀರಿನಲ್ಲಿ ಅವಳ ತವರೂರು ಮುಳುಗಿತೆಂದೂ, ದ್ಯಾಮವ್ವನ ಗುಡಿಯೂ ಅದರೊಡನೆ ಹೋಯಿತೆಂದೂ, ಮೈದುಂಬಿದಾಗಲೆಲ್ಲ ಅವಳು “ನನ್ನ ಮನಿ ಎಲ್ಲೈತಿ?” ಎಂದಷ್ಟೇ ಕೇಳುವಳೆಂದೂ ಅವರ ನೆರೆಯವರಿಂದ ತಿಳಿದದ್ದು ಬಹಳ ತಡವಾಗಿ.

ಕುದುರೆಡವಿನ ಅರಮನೆಯವರು ಭಯದಿಂದಲೋ ಭಕ್ತಿಯಿಂದಲೋ ಮೋಬಯ್ಯನ ಮುಂದೆ ಕಿವಿಗೊಟ್ಟು ನಿಲ್ಲುವುದನ್ನು ಓದುವಾಗ ಆ ಹೊಸ್ತಿಲು ಮತ್ತೆ ಮತ್ತೆ ಕಣ್ಣಿಗೆ ಕಟ್ಟಿತು. ಸಾಂಬವಿಯನ್ನು ನಾವು ಈಗಲೂ ನಂಬುವುದಿಲ್ಲ. ಲೇಖಕರು ನಂಬುವರೆಂದೂ ತೋರುವುದಿಲ್ಲ. ನಂಬದೆಯೂ ಅವರು ಕೇಳಿಸಿಕೊಂಡರು.

ಗ್ರಂಥವನ್ನು ಮಠದ ಹಳೆಯ ವಿದ್ಯಾರ್ಥಿಗಳಾದ ನಿವೃತ್ತ ಶಿಕ್ಷಕರೊಬ್ಬರಿಗೆ ಕೊಟ್ಟಿದ್ದೆವು. ನೂರು ಪುಟ ದಾಟಲಾರದೆ, “ಅಜ್ಜಾರ, ಇದು ನಮ್ಮಂಥವರಿಗಲ್ರಿ” ಎಂದು ಮರಳಿಸಿದರು. ಅವರನ್ನು ಒತ್ತಾಯಿಸಲು ಬಾಯಿ ಬರಲಿಲ್ಲ. ಆ ಒಕ್ಕಲಿಗನಿಗೆ ಮಾತ್ರ, ಸೊಸೆಯನ್ನು ಕರೆದುಕೊಂಡು ಒಮ್ಮೆ ಮಠಕ್ಕೆ ಬಂದು ಹೋಗಬೇಕೆಂದು ಹೇಳಿಕಳುಹಿಸಿದ್ದೇವೆ. ಎರಡು ಅಮಾವಾಸ್ಯೆಗಳು ಕಳೆದವು, ಅವರಿನ್ನೂ ಬಂದಿಲ್ಲ.