ಚೆಂಡುಹೂವಿನಿಂದ ಶುರುವಾಗಬೇಕಾದ ಪಾಠ
ಚಾಮರಾಜನಗರದ ಪಿಯುಸಿ ಮಕ್ಕಳಿಗೆ ಸಮಾಂಗತೆಯನ್ನು, ಅಂದರೆ ಅವೇ ಪರಮಾಣುಗಳು ಬೇರೆ ಬಗೆಯಲ್ಲಿ ಜೋಡಣೆಯಾಗುವುದನ್ನು, ಗುಂಡ್ಲುಪೇಟೆಯ ಚೆಂಡುಹೂವಿನಿಂದಲೇ ಕಲಿಸಬೇಕು ಎಂಬುದು ನನ್ನ ವಾದ. ಮಳೆಗಾಲದಲ್ಲಿ ಪ್ರವಾಸಿಗರು ನಿಂತು ಫೋಟೊ ತೆಗೆದುಕೊಳ್ಳುವ ಆ ಹೊಲಗಳ ಹೂವನ್ನು ಬಣ್ಣ ತೆಗೆಯುವ ಕಾರ್ಖಾನೆಗಳೂ ಕೊಳ್ಳುತ್ತವೆ. ಅವಕ್ಕೆ ಬೇಕಿರುವುದು ಎಸಳಿನ ಲ್ಯೂಟೀನ್. ಅದರ ಒಂದು ಅಣುವಿನಲ್ಲಿ 40 ಕಾರ್ಬನ್, 56 ಹೈಡ್ರೋಜನ್, 2 ಆಕ್ಸಿಜನ್. ಮುಸುಕಿನ ಜೋಳದ ಹಳದಿಯಲ್ಲಿರುವ ಝಿಯಾಕ್ಸಾಂಥಿನ್‌ನಲ್ಲೂ ಅಷ್ಟಷ್ಟೇ! ಮುಖ್ಯ ವ್ಯತ್ಯಾಸ ಒಂದು ಜೋಡಿಬಂಧದ ಜಾಗದಲ್ಲಿ. ಆದರೂ ನಮ್ಮ ಅಕ್ಷಿಪಟಲ ಇವೆರಡನ್ನೂ ಬೇರೆಬೇರೆಯಾಗಿ ಗುರುತಿಸುತ್ತದೆ: ಅದರ ಹಳದಿ ಚುಕ್ಕೆಯ ನಡುವೆ ಝಿಯಾಕ್ಸಾಂಥಿನ್ ಹೆಚ್ಚು, ಅಂಚಿನತ್ತ ಲ್ಯೂಟೀನ್ ಹೆಚ್ಚು.

ಇದು ಸಾವಯವ ರಸಾಯನಶಾಸ್ತ್ರ, ಪಠ್ಯದಲ್ಲಿ ಮಕ್ಕಳನ್ನು ಕಾಡುವುದು ಲೋಹದ ಸಂಕೀರ್ಣಗಳು ಎಂಬ ಆಕ್ಷೇಪ ಬರಬಹುದು, ಸರಿಯೇ. ಆದರೆ ಪ್ರಶ್ನೆ ಅಲ್ಲೂ ಅದೇ: ಯಾವ ಪರಮಾಣು ಎಲ್ಲಿದೆ? ಲೋಹದ ಸುತ್ತಲಿನ ಗುಂಪುಗಳಿಗೂ ನಿಶ್ಚಿತ ದಿಕ್ಕುಗಳಿವೆ ಎಂದು ರಸಾಯನಶಾಸ್ತ್ರಜ್ಞ ಆಲ್ಫ್ರೆಡ್ ವರ್ನರ್ 1893ರಲ್ಲಿ ವಾದಿಸಿದ್ದು ಇಂಥ ಸಮಾಂಗಿಗಳ ಆಧಾರದಿಂದಲೇ. ಉದಾಹರಣೆಗೆ, ಪ್ಲಾಟಿನಂ ಸುತ್ತ ಎರಡು ಕ್ಲೋರಿನ್, ಎರಡು ಅಮೋನಿಯ. ಕ್ಲೋರಿನ್‌ಗಳು ಅಕ್ಕಪಕ್ಕ ಇದ್ದರೆ ಅದು ಸಿಸ್‌ಪ್ಲಾಟಿನ್, 1978ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದು ಇಂದಿಗೂ ಬಳಕೆಯಲ್ಲಿರುವ ಕ್ಯಾನ್ಸರ್ ಔಷಧ. ಎದುರುಬದುರು ಇದ್ದರೆ ಔಷಧವಾಗಿ ಕೆಲಸಕ್ಕೆ ಬಾರದು; ಕ್ಲೋರಿನ್ ಕಳಚಿದ ಜಾಗಗಳು ಪಕ್ಕಪಕ್ಕದಲ್ಲಿದ್ದರಷ್ಟೇ ಪ್ಲಾಟಿನಂ ಡಿಎನ್‌ಎ ಎಳೆಯ ನೆರೆಹೊರೆಯ ಎರಡು ಗ್ವಾನಿನ್‌ಗಳನ್ನು ಒಟ್ಟಿಗೆ ಹಿಡಿಯಬಲ್ಲದು.