ಮಗನ ಆಟ, ಮಗಳ ಪ್ರಶ್ನೆ

2025ರ ಮಳೆಗಾಲದ ಒಂದು ಭಾನುವಾರ. ಮಗನ ಪ್ಯಾಂಟನ್ನು ಒಗೆಯಲು ಹಾಕುವ ಮುನ್ನ ಎಂದಿನಂತೆ ಜೇಬು ತಡಕಿದೆ. ಸಣ್ಣದೊಂದು ಬಟ್ಟೆಯ ಚೀಲ ಕೈಗೆ ಸಿಕ್ಕಿತು. ಬಿಚ್ಚಿದರೆ ಒಳಗೆ ಏಳು ದಾಳಗಳು! ಒಂದಕ್ಕೆ ನಾಲ್ಕು ಮುಖ, ಇನ್ನೊಂದಕ್ಕೆ ಇಪ್ಪತ್ತು ಮುಖ. ನನ್ನ ಎದೆ ಧಸಕ್ಕೆಂದಿತು.

ನಾವು ಪುತ್ತೂರಿನ ಕಡೆಯಿಂದ ಬಂದು ಪೀಣ್ಯದಲ್ಲಿ ನೆಲೆಸಿ ಇಪ್ಪತ್ತು ವರ್ಷ ದಾಟಿತು. ಮಕ್ಕಳ ತಂದೆಗೆ ಇಲ್ಲಿಯ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಕೆಲಸ. ನಾನು ಮುಂಜಾನೆ ಮದ್ರಸದಲ್ಲಿ, ಆಮೇಲೆ ಶಾಲೆಯಲ್ಲಿ ಕಲಿಸುವವಳು. ಮಗ ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಕಂಪೆನಿಯಲ್ಲಿದ್ದಾನೆ. ಶನಿವಾರವೂ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ ಅಲ್ಲಿಗೆ ಹೋಗುತ್ತಿದ್ದ. "ಗೆಳೆಯರ ಜೊತೆ ಆಟ" ಎನ್ನುತ್ತಿದ್ದ. ಕ್ರಿಕೆಟ್ ಇರಬೇಕೆಂದು ನಾನು ಸುಮ್ಮನಿದ್ದೆ.

"ಏನಿದು ಮಗಾ, ಜೂಜೇ?" ಎಂದು ಚೀಲವನ್ನು ಮುಂದಿಟ್ಟೆ.

"ಅಲ್ಲಾಹನಾಣೆ ಅಲ್ಲ ಉಮ್ಮಾ. ಒಂದು ರೂಪಾಯಿಯ ಪಣವೂ ಇಲ್ಲ. ಇದು ಕತೆ ಕಟ್ಟುವ ಆಟ" ಎಂದವನೇ ಚೀಲದಿಂದ ದಪ್ಪದೊಂದು ಪುಸ್ತಕ ತಂದಿಟ್ಟ. ಹೆಸರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'.

ಆಟದ ಬಗೆ ಹೀಗೆ: ನಾಲ್ಕೈದು ಮಂದಿ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಕತೆ ನಡೆಸುವವನು. ಉಳಿದವರು ಒಂದೊಂದು ಪಾತ್ರ. "ಎದುರಿಗೆ ಮುರಿದ ಸೇತುವೆ, ಏನು ಮಾಡುತ್ತೀರಿ?" ಎಂದು ಅವನು ಕೇಳುತ್ತಾನೆ. "ನಾನು ಜಿಗಿಯುತ್ತೇನೆ" ಎನ್ನುತ್ತಾನೆ ಒಬ್ಬ. ಜಿಗಿತ ಸಾಧ್ಯವಾಯಿತೇ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಬಿದ್ದ ಅಂಕಕ್ಕೆ ಆ ಪಾತ್ರದ ಸಾಮರ್ಥ್ಯದ ಅಂಕ ಸೇರಿಸಿ ಲೆಕ್ಕ ನೋಡುತ್ತಾರೆ. ಗೆದ್ದವರು, ಸೋತವರು ಎಂದಿಲ್ಲ. ಕತೆ ವಾರದಿಂದ ವಾರಕ್ಕೆ ಮುಂದುವರಿಯುತ್ತದೆ.

ದಾಳದ ವಿಷಯ ನನ್ನನ್ನು ಕಾಡದೆ ಬಿಡಲಿಲ್ಲ. ಅದರ ಬಗ್ಗೆ ಹದೀಸ್‌ನಲ್ಲಿ ಕಠಿಣ ಎಚ್ಚರಿಕೆ ಇರುವುದನ್ನು ಓದಿದವಳು ನಾನು. ಪಣವಿಲ್ಲದಿದ್ದರೆ ಹೇಗೆ ಎಂಬುದರಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಸಂಶಯವಿದ್ದಲ್ಲಿ ದೂರ ನಿಲ್ಲುವುದು ನನ್ನ ರೂಢಿ. ಆದರೆ ಓದದೆ ತೀರ್ಪು ಕೊಡುವುದೂ ತಪ್ಪಲ್ಲವೇ? "ಪುಸ್ತಕ ಇಲ್ಲಿರಲಿ, ನೋಡುತ್ತೇನೆ" ಎಂದೆ.

"ಯಾವ ಆವೃತ್ತಿ ನೋಡುತ್ತೀರಿ?" ಎಂದು ಮಗ ನಕ್ಕ. ಅವನ ತಂಡದ ಹಿರಿಯರೊಬ್ಬರ ಬಳಿ ಹಳೆಯ ಆವೃತ್ತಿಗಳೆಲ್ಲ ಇದ್ದವು. ಮುಂದಿನ ವಾರ ಒಂದು ಚೀಲ ಹೊತ್ತು ತಂದ. ಕಿತಾಬುಗಳ ಹಳೆಯ ಮುದ್ರಣ, ಹೊಸ ಮುದ್ರಣಗಳನ್ನು ಪಕ್ಕದಲ್ಲಿಟ್ಟು ಓದುವುದು ಮದ್ರಸದಿಂದಲೇ ನನಗೆ ಬಂದ ಅಭ್ಯಾಸ. ಇವನ್ನೂ ಹಾಗೆಯೇ ಓದತೊಡಗಿದೆ. ಪಿಯುಸಿ ಓದುವ ಮಗಳು ಇಂಗ್ಲಿಷಿನ ಕಷ್ಟದ ಪದಗಳಿಗೆ ಅರ್ಥ ಹುಡುಕಲು ಜೊತೆಯಾದಳು.

ಮೊದಲ ಆವೃತ್ತಿ 1974ರದು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಬರೆದದ್ದು. ಪೆಟ್ಟಿಗೆಯಲ್ಲಿ ಮೂರು ಸಣ್ಣ ಪುಸ್ತಿಕೆಗಳು. ಅಲ್ಲಿ ಯೋಧನ ಹೆಸರೇ 'ಹೋರಾಡುವ ಗಂಡಸು'. 1978ರ ವಿಸ್ತೃತ ಪುಸ್ತಕದಲ್ಲಿ ಹೆಣ್ಣು ಯೋಧೆಗೆ ಜಾಗವೇನೋ ಇದೆ. ಆದರೆ ಶಕ್ತಿಯ ಅಂಕ 18 ಬಂದ ಯೋಧ ಮತ್ತೆ ದಾಳ ಉರುಳಿಸಿ 100ರವರೆಗೆ ಹೆಚ್ಚುವರಿ ಅಂಕ ಪಡೆಯಬಹುದು. ಮಾನವ ಹೆಣ್ಣಾದರೆ 50ಕ್ಕೆ ನಿಲ್ಲಬೇಕು. ಈ ಮಿತಿಯನ್ನು ತೆಗೆದದ್ದು 1989ರ ಎರಡನೇ ಆವೃತ್ತಿಯಲ್ಲಿ.

ಕುಲದ ವಿಷಯವೂ ಹೀಗೆಯೇ. ಈ ಆಟದಲ್ಲಿ ಮನುಷ್ಯರ ಜೊತೆ ಕುಳ್ಳರು, ಎಲ್ಫ್ ಎಂಬ ಕಾಡಿನ ಜನರು ಇದ್ದಾರೆ. ಕಲಿಯುವವರಿಗೆಂದು 1981ರಲ್ಲಿ ಬಂದ ಸರಳ ಪುಸ್ತಕದಲ್ಲಿ ಮನುಷ್ಯ ಮಾತ್ರ ಯೋಧನೋ ಮಾಂತ್ರಿಕನೋ ಎಂದು ಆರಿಸಿಕೊಳ್ಳಬಹುದು. ಕುಳ್ಳ ಬರೇ ಕುಳ್ಳ, ಎಲ್ಫ್ ಬರೇ ಎಲ್ಫ್. ಕುಲವೇ ಕಸುಬು! ವಿಸ್ತೃತ ಪುಸ್ತಕದಲ್ಲಿ ಕುಲ ಬೇರೆ, ಕಸುಬು ಬೇರೆ. ಆದರೂ ಕುಳ್ಳ ಮಾಂತ್ರಿಕನಾಗುವಂತಿಲ್ಲ. ಮೂರನೇ ಆವೃತ್ತಿ ಬಂದದ್ದು 2000ದಲ್ಲಿ. ಯಾವ ಕುಲದವರೂ ಯಾವ ಕಸುಬನ್ನೂ ಕಲಿಯಬಹುದೆಂದು ಅಲ್ಲಿ ಬಾಗಿಲು ತೆರೆಯಿತು.

ನಡುವೆ ತಾಯಂದಿರ ಭಯದ ಕತೆಯೂ ಇದೆ. ಪೆಟ್ರೀಷಿಯಾ ಪುಲ್ಲಿಂಗ್ ಎಂಬ ಅಮೆರಿಕದ ತಾಯಿ 1982ರಲ್ಲಿ ತನ್ನ ಮಗನನ್ನು ಆತ್ಮಹತ್ಯೆಯಲ್ಲಿ ಕಳೆದುಕೊಂಡರು. ಆಟವೇ ಕಾರಣವೆಂದು ನಂಬಿ ಮರುವರ್ಷ ಅದರ ವಿರುದ್ಧ ಸಂಘಟನೆ ಕಟ್ಟಿದರು. ಆಟಕ್ಕೂ ಅಂಥ ಸಾವುಗಳಿಗೂ ನಂಟಿದೆಯೆಂಬುದು ಸಾಬೀತಾಗಲಿಲ್ಲ. ಆದರೆ ಹೆತ್ತವರ ಆತಂಕಕ್ಕೆ ಮಣಿದು 1989ರ ಆವೃತ್ತಿಯಲ್ಲಿ ಪಿಶಾಚಿಗಳ ಹೆಸರುಗಳನ್ನು ಬದಲಿಸಿದರು. ಮುಂದೆ ಆ ಹೆಸರುಗಳು ಮರಳಿ ಬಂದವು. ಆ ತಾಯಿಯನ್ನು ನಾನು ಹಗುರವಾಗಿ ಕಾಣಲಾರೆ. ಚೀಲ ಬಿಚ್ಚಿದ ದಿನ ನನ್ನ ಎದೆಯಲ್ಲಿದ್ದದ್ದೂ ಅದೇ ಭಯ.

ಪ್ರತಿ ತಿದ್ದುಪಡಿಯೂ ಎಲ್ಲರಿಗೆ ಹಿಡಿಸಿತೆಂದಲ್ಲ. 2008ರ ನಾಲ್ಕನೇ ಆವೃತ್ತಿಯಲ್ಲಿ ಚೌಕದ ಹಾಸಿನ ಮೇಲೆ ನಡೆಯುವ ಕಾಳಗವೇ ಜಾಸ್ತಿಯಾಯಿತೆಂದು ಅನೇಕರು ಮುನಿಸಿಕೊಂಡರು. ಹಳೆಯ ನಿಯಮಗಳನ್ನು ಆಧರಿಸಿ 2009ರಲ್ಲಿ ಬಂದ 'ಪಾತ್‌ಫೈಂಡರ್' ಎಂಬ ಆಟಕ್ಕೆ ಹೋದರು. 2014ರ ಐದನೇ ಆವೃತ್ತಿ ಮತ್ತೆ ಸರಳವಾಯಿತು. ಅದರಲ್ಲೊಂದು ನಿಯಮ ನನಗೆ ತುಂಬ ಹಿಡಿಸಿತು. ಜೊತೆಗಾರ ಕೈಜೋಡಿಸಿದರೆ ದಾಳವನ್ನು ಎರಡು ಸಲ ಉರುಳಿಸಿ, ಹೆಚ್ಚು ಬಿದ್ದ ಅಂಕವನ್ನು ಇಟ್ಟುಕೊಳ್ಳಬಹುದು.

ಆದರೂ ಆ ಆವೃತ್ತಿಯಲ್ಲಿ ಹುಟ್ಟಿದ ಕುಲಕ್ಕೆ ತಕ್ಕಂತೆ ಸಾಮರ್ಥ್ಯದ ಅಂಕ ಸಿಗುತ್ತಿತ್ತು. 2024ರ ಪರಿಷ್ಕೃತ ಪುಸ್ತಕ ಆ ಅಂಕಗಳನ್ನು ಹುಟ್ಟಿನಿಂದ ಬಿಡಿಸಿ, ಬೆಳೆದು ಬಂದ ಹಿನ್ನೆಲೆಗೆ ಕೊಟ್ಟಿತು. ರೈತನಾಗಿ ದುಡಿದವನಿಗೆ ಒಂದು ಬಗೆ, ಲಿಪಿಕಾರನಾಗಿ ಬರೆದವನಿಗೆ ಇನ್ನೊಂದು ಬಗೆ. ಇದನ್ನು ಓದಿ ನನಗೆ ಸಂತೋಷವಾಯಿತು. "ನೋಡು, ಹುಟ್ಟಿಗಿಂತ ದುಡಿಮೆ ದೊಡ್ಡದು ಅನ್ನಲು ಇವರಿಗೆ ಐವತ್ತು ವರ್ಷ ಬೇಕಾಯಿತು" ಎಂದು ಮಗಳಿಗೆ ಹೇಳಿದೆ.

ಅವಳು ಪುಸ್ತಕದಿಂದ ತಲೆಯೆತ್ತದೆಯೇ ಕೇಳಿದಳು: "ಉಮ್ಮಾ, ನಮ್ಮ ಮನೆಯ ನಿಯಮ ಎಷ್ಟನೇ ಆವೃತ್ತಿಯದು?"

ನಾನು ಮಾತಿಲ್ಲದೆ ಕುಳಿತೆ. ಮಗ ಇಂಜಿನಿಯರಿಂಗ್ ಓದಿದ್ದು ಎಲೆಕ್ಟ್ರಾನಿಕ್ ಸಿಟಿಯ ಕಡೆಯ ಕಾಲೇಜಿನಲ್ಲಿ. ನಾಲ್ಕು ವರ್ಷ ಬಸ್ಸುಗಳನ್ನು ಬದಲಿಸುತ್ತಾ ಹೋಗಿ ಬಂದಾಗ ನಾನು ಬುತ್ತಿ ಕಟ್ಟಿಕೊಟ್ಟಿದ್ದೆ. ಅದೇ ಕಾಲೇಜಿಗೆ ಸೇರುತ್ತೇನೆಂದು ಮಗಳು ಕೇಳಿದಾಗ "ಅಷ್ಟು ದೂರ ನಿನಗೆ ಬೇಡ, ಹತ್ತಿರದ ಡಿಗ್ರಿ ಕಾಲೇಜು ಸಾಕು" ಎಂದಿದ್ದೆ. ಅಂಕದಲ್ಲಿ ಅವಳು ಅಣ್ಣನಿಗಿಂತ ಮುಂದೆ. ನೂರರವರೆಗೆ ಹೋಗಬಲ್ಲವಳನ್ನು ಐವತ್ತಕ್ಕೆ ನಿಲ್ಲಿಸಿದ್ದು ಯಾವ ಗ್ರಂಥವೂ ಅಲ್ಲ, ನಾನೇ. ನನ್ನ ಬಿ.ಎ.ಯನ್ನು ಮದುವೆಯ ನಂತರ, ಕೈಮಗುವನ್ನು ಅತ್ತೆಯ ಮಡಿಲಲ್ಲಿಟ್ಟು ಮುಗಿಸಿದವಳು ನಾನು. ಅಂದು ಅತ್ತೆ ಕೈಜೋಡಿಸದಿದ್ದರೆ ನನಗೆ ಆ ಎರಡನೇ ಅವಕಾಶ ಎಲ್ಲಿತ್ತು?

ಅಂದು ರಾತ್ರಿ ಇವರೊಂದಿಗೆ ಮಾತಾಡಿದೆ. ಇವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಮ್ಮೆ ಹೋಗಿ ನೋಡಿ ಬನ್ನಿ" ಎಂದರು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೋ ಶುರುವಾಗಿತ್ತು. ನಾನೂ ಮಗಳೂ ಪೀಣ್ಯದಲ್ಲಿ ಹತ್ತಿ, ಆರ್.ವಿ. ರಸ್ತೆಯಲ್ಲಿ ಬದಲಿಸಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಳಿದೆವು. ದಾರಿಯುದ್ದಕ್ಕೂ ಬುರ್ಖಾ ತೊಟ್ಟವರು, ಕಾರ್ಖಾನೆಯ ಸಮವಸ್ತ್ರದವರು, ಕಂಪೆನಿಯ ಗುರುತಿನ ಚೀಟಿ ನೇತುಹಾಕಿಕೊಂಡವರು, ಎಷ್ಟೊಂದು ಹೆಣ್ಣುಮಕ್ಕಳು! ದಾರಿ ನಾನು ಹೆದರಿದಷ್ಟು ದೂರವಿರಲಿಲ್ಲ. ಸೀಟು ಸಿಗುವುದು ಅವಳ ಪರಿಶ್ರಮಕ್ಕೆ ಬಿಟ್ಟದ್ದು. ನನ್ನ ಕಡೆಯಿಂದ 'ಬೇಡ' ಎಂಬ ಮಾತನ್ನು ಹಿಂದಕ್ಕೆ ಪಡೆದಿದ್ದೇನೆ.

ದಾಳದ ವಿಷಯ ಏನಾಯಿತು ಎಂದು ನೀವು ಕೇಳಬಹುದು. ನಮ್ಮ ಮನೆಗೆ ಬೇಡವೆಂದೆ, ಮಗ ವಾದಿಸಲಿಲ್ಲ. ಒಂದರಿಂದ ಇಪ್ಪತ್ತರವರೆಗೆ ಅಂಕೆ ಬರೆದ ಚೀಟಿಗಳನ್ನು ಮಗಳು ಸ್ಟೀಲ್ ಡಬ್ಬಿಗೆ ಹಾಕಿದಳು. ತೆಗೆದ ಚೀಟಿಯನ್ನು ಪ್ರತಿ ಸಲವೂ ಮರಳಿ ಹಾಕಿ ಕುಲುಕಬೇಕು, ಇಲ್ಲವಾದರೆ ಲೆಕ್ಕ ತಪ್ಪುತ್ತದೆ ಎಂದು ಅಣ್ಣನಿಗೆ ಪಾಠ ಮಾಡಿದವಳೂ ಅವಳೇ. ಆಟ ಈಗ ತಿಂಗಳಿಗೊಮ್ಮೆ ನಮ್ಮ ಮನೆಯಲ್ಲೇ, ಅಸರ್ ನಮಾಝಿನ ನಂತರ. ಕತೆ ನಡೆಸುವವಳು ನನ್ನ ಮಗಳು. ಕಳೆದ ಸಲ ಮುರಿದ ಸೇತುವೆಯ ಮುಂದೆ ಅವಳಪ್ಪನನ್ನೂ ತಂದು ನಿಲ್ಲಿಸಿದ್ದಳು. ಇವರು ಚೀಟಿ ಎತ್ತಿದರು, ಮೂರು ಬಂತು. "ಉಮ್ಮಾ, ನೀವು ಕೈ ಕೊಟ್ಟರೆ ಇನ್ನೊಂದು ಚೀಟಿ ಎತ್ತಬಹುದು" ಎಂದಳು.

ನಾನು ಕೈಯೊರೆಸಿಕೊಂಡು ಅಡುಗೆಮನೆಯಿಂದ ಹೊರಗೆ ಬಂದೆ.